ಕೀಲಿಯೋ ಅಕ್ಷರವೋ: ವಿಂಡೋಸ್ ತಂತ್ರಾಂಶದಲ್ಲಿ ಒತ್ತಿದ್ದನ್ನು ಎಲ್ಲಿ ಹಿಡಿಯಬೇಕು?

ಮಲೆನಾಡಿನ ಪೇಟೆಯೊಂದರ ಹಾರ್ಡ್‌ವೇರ್ ಅಂಗಡಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟು ಇನ್ನೂ ಒಂದು ವಾರವಾಗಿರಲಿಲ್ಲ, ಮಾಲೀಕರ ಫೋನ್ ಬಂತು. "ನಿಮ್ಮ ಸಾಫ್ಟ್‌ವೇರ್‌ಗೆ ಕಾಗುಣಿತ ಬರುವುದಿಲ್ಲ ಮಾರಾಯರೇ!" ಹೋಗಿ ನೋಡಿದೆ. ಗಲ್ಲಾದಲ್ಲಿ ಕುಳಿತಿದ್ದ ಗುಮಾಸ್ತ ಗಿರಾಕಿಯ ಹೆಸರು 'ರಾಮಣ್ಣ' ಎಂದು ಟೈಪ್ ಮಾಡಿದ. ಪರದೆಯ ಮೇಲೆ ಮೂಡಿದ್ದು 'ರಮಣಣ'.

ತಪ್ಪು ನನ್ನದೇ. ಹೆಸರಿನ ಪೆಟ್ಟಿಗೆಯಲ್ಲಿ ಅಂಕಿ, ಚಿಹ್ನೆ ಬೀಳದಿರಲಿ ಎಂದು ಒತ್ತಿದ ಅಕ್ಷರ ಪೆಟ್ಟಿಗೆಗೆ ಬಂದಾಗ ಓಡುವ ಕೀಪ್ರೆಸ್ ಈವೆಂಟ್‌ನಲ್ಲಿ ಒಂದು ಸಾಲು ಕೋಡ್ ಬರೆದಿದ್ದೆ: ಬಂದದ್ದು ಅಕ್ಷರವೇ ಎಂದು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ಈಸ್‌ಲೆಟರ್ ಎಂಬ ಪರೀಕ್ಷೆಯನ್ನು ಕೇಳು, ಅಲ್ಲವಾದರೆ ತಳ್ಳಿಹಾಕು. ಯುನಿಕೋಡ್‌ನ ಲೆಕ್ಕದಲ್ಲಿ ರ, ಮ, ಣ ಅಕ್ಷರಗಳು. ದೀರ್ಘ, ಗುಡಿಸು, ಕೊಂಬು, ಒತ್ತಕ್ಷರಕ್ಕೆ ಬೇಕಾದ ವಿರಾಮ ಇವೆಲ್ಲ ಅಕ್ಷರಕ್ಕೆ ಅಂಟಿಕೊಳ್ಳುವ ಗುರುತುಗಳು, ಅಂದರೆ ಬೇರೆಯೇ ವರ್ಗ. ಈಸ್‌ಲೆಟರ್ ಅವುಗಳಿಗೆ 'ಅಲ್ಲ' ಎಂದೇ ಉತ್ತರಿಸುತ್ತದೆ. ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸಿದ್ದ ನನಗೆ ಅದು ಕಾಣಲೇ ಇಲ್ಲ.

ಅಂದಿನಿಂದ ಕೀಲಿಮಣೆಯ ಯಾವ ಕೆಲಸಕ್ಕೂ ಮೊದಲು ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ. ನನಗೆ ಬೇಕಿರುವುದು ಕೀಲಿಯೋ ಅಕ್ಷರವೋ? ಅದನ್ನು ಕೇಳಿಸಿಕೊಳ್ಳಬೇಕಾದವರು ಯಾರು: ಒಂದು ಪೆಟ್ಟಿಗೆಯೋ, ಇಡೀ ಕಿಟಕಿಯೋ, ಇಡೀ ಕಂಪ್ಯೂಟರೋ? ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಡಾಟ್‌ನೆಟ್‌ನಲ್ಲಿ ಕಿಟಕಿ, ಪೆಟ್ಟಿಗೆಗಳನ್ನು ಕಟ್ಟುವ ವಿನ್‌ಫಾರ್ಮ್ಸ್ ಕುರಿತು. ಹಳೆಯದು ಎಂದು ಮೂಗು ಮುರಿಯುವವರು ಮುರಿಯಲಿ, ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವುದು ಅದೇ. ಅದೇ ಕೆಲಸ ಮಾಡುವ ಡಬ್ಲ್ಯೂಪಿಎಫ್ ಮತ್ತು ಜಾವಾದ ಸ್ವಿಂಗ್‌ಗೂ ನಡುವೆ ಹೋಗಿಬರುತ್ತೇನೆ.

ಅವಸರವಿದ್ದವರಿಗೆ ನನ್ನ ತೀರ್ಮಾನ ಇಲ್ಲಿಯೇ ಇದೆ (ಹೆಸರುಗಳ ವಿವರ ಮುಂದಿದೆ): ಶಾರ್ಟ್‌ಕಟ್‌ಗೆ ಮೊದಲು ಮೆನು, ಅದು ಸಾಲದಿದ್ದರೆ ಪ್ರೊಸೆಸ್‌ಸಿಎಂಡಿಕೀ. ಅಕ್ಷರ ಬೇಕಾದರೆ ಕೀಪ್ರೆಸ್. ಒಂದೇ ಪೆಟ್ಟಿಗೆಯೊಳಗಿನ ವಿಶೇಷ ಕೀಲಿಗೆ ಕೀಡೌನ್. ಇಡೀ ಕಂಪ್ಯೂಟರಿನ ಕೀಲಿಗಳನ್ನು ನಡುವೆಯೇ ಹಿಡಿಯುವ ಹುಕ್ ಹಾಕಬೇಕು ಅನ್ನಿಸಿದರೆ ಒಂದು ಲೋಟ ಕಾಫಿ ಕುಡಿದು ಬಂದು ಮತ್ತೊಮ್ಮೆ ಯೋಚಿಸಿ.

ಕೀಡೌನ್ ಮತ್ತು ಕೀಪ್ರೆಸ್

ಕೀಲಿ ಒತ್ತಿದ ಕೂಡಲೇ ವಿಂಡೋಸ್ ಆ ಕಿಟಕಿಗೆ 'ಕೀಲಿ ಕೆಳಗಿಳಿಯಿತು' ಎಂಬ ಸಂದೇಶ ಕಳುಹಿಸುತ್ತದೆ. ಅದರಲ್ಲಿ ಇರುವುದು ಕೀಲಿಯ ಸಂಖ್ಯೆ. ಬಳಿಕ ಟ್ರಾನ್ಸ್‌ಲೇಟ್‌ಮೆಸೇಜ್ ಎಂಬ ಹೆಜ್ಜೆಯಲ್ಲಿ, ಆಗ ಆಯ್ಕೆಯಾಗಿರುವ ಕೀಲಿಮಣೆ ವಿನ್ಯಾಸವನ್ನು ನೋಡಿಕೊಂಡು ಇನ್ನೊಂದು ಸಂದೇಶ ಹುಟ್ಟುತ್ತದೆ. ಅದರಲ್ಲಿ ಇರುವುದು ಅಕ್ಷರ. ಮೊದಲನೆಯದು ವಿನ್‌ಫಾರ್ಮ್ಸ್‌ನಲ್ಲಿ ಕೀಡೌನ್ ಆಗಿ, ಎರಡನೆಯದು ಕೀಪ್ರೆಸ್ ಆಗಿ ನಮ್ಮ ಕೈಗೆ ಬರುತ್ತದೆ.

ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಆರಿಸಿಕೊಂಡು ಇಂಗ್ಲಿಷಿನ 'ಕೆ' ಕೀಲಿ ಒತ್ತಿ ನೋಡಿ. ಕೀಡೌನ್ 75 ಎನ್ನುತ್ತದೆ. ಇಂಗ್ಲಿಷ್ ಇದ್ದಾಗಲೂ 75, ದೊಡ್ಡಕ್ಷರಕ್ಕೂ 75. ಕೀಪ್ರೆಸ್ ಮಾತ್ರ 'ಕ' ಎನ್ನುತ್ತದೆ, ಯುನಿಕೋಡ್‌ನಲ್ಲಿ 3221. ಇನ್‌ಸ್ಕ್ರಿಪ್ಟ್‌ನಲ್ಲಿ 'ಕ್ಷ' ಒಂದೇ ಒತ್ತಿಗೆ ಬರುತ್ತದೆ. ಆಗ ಕೀಡೌನ್ ಒಂದು ಸಲ, ಕೀಪ್ರೆಸ್ ಮೂರು ಸಲ: ಕ, ವಿರಾಮ, ಷ. ಒಂದು ಒತ್ತಿಗೆ ಒಂದು ಅಕ್ಷರ ಎಂದು ನಂಬಿ ಬರೆದ ಕೋಡ್ ಇಲ್ಲಿಯೇ ಎಡವುತ್ತದೆ.

ಹೀಗಾಗಿ ಕಂಟ್ರೋಲ್+ಎನ್ ಒತ್ತಿದರೆ ಹೊಸ ಬಿಲ್ ಎನ್ನುವಂತಹ ಕೆಲಸವನ್ನು ಅಕ್ಷರದ ಮೇಲೆ ನಿಲ್ಲಿಸಬಾರದು. ಕೀಲಿಯ ಸಂಖ್ಯೆಯ ಮೇಲೆ ನಿಲ್ಲಿಸಿದರೆ ಗುಮಾಸ್ತ ಕನ್ನಡದಲ್ಲಿದ್ದರೂ ಇಂಗ್ಲಿಷ್‌ನಲ್ಲಿದ್ದರೂ ಕೆಲಸ ನಡೆಯುತ್ತದೆ. ಇದಕ್ಕೆ ತಿರುಗಾಮುರುಗ ಇನ್ನೊಂದು: '+' ಒತ್ತಿದರೆ ಒಂದು ಸಾಲು ಸೇರಿಸು ಎಂದಿದ್ದರೆ ಕೀಡೌನ್ ಕಾಟ ಕೊಡುತ್ತದೆ. ನಂಬರ್ ಪ್ಯಾಡ್‌ನ ಪ್ಲಸ್ 107, ಮೇಲಿನ ಸಾಲಿನದು 187, ಅದರ ಜೊತೆ ಶಿಫ್ಟ್ ಬೇರೆ. ಕೀಪ್ರೆಸ್‌ನಲ್ಲಿ ಇಂಗ್ಲಿಷ್ ವಿನ್ಯಾಸವಿದ್ದರೆ ಎರಡೂ '+' ಆಗಿಯೇ ಬರುತ್ತವೆ. ಅಂಕಿಗಳ ಕಥೆಯೂ ಅದೇ. ಮೇಲಿನ ಸಾಲಿನ 1ಕ್ಕೆ 49, ಪ್ಯಾಡ್‌ನ 1ಕ್ಕೆ 97. 'ಅಂಕಿ ಮಾತ್ರ' ಎಂಬ ಶೋಧವನ್ನು ಕೀಡೌನ್‌ನಲ್ಲಿ ಬರೆದು ನಂಬರ್ ಪ್ಯಾಡನ್ನೇ ನಿಲ್ಲಿಸಿಬಿಟ್ಟವರನ್ನು ನಾನು ಬಲ್ಲೆ. ಇಡೀ ದಿನ ದರ, ತೂಕ ಹೊಡೆಯುವ ಗಲ್ಲಾದಲ್ಲಿ ನಂಬರ್ ಪ್ಯಾಡ್ ನಿಂತರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಕೀಪ್ರೆಸ್‌ಗೂ ತನ್ನ ಮಿತಿಗಳಿವೆ. ಎಫ್ ಕೀಲಿಗಳು, ಬಾಣದ ಕೀಲಿಗಳು, ಡಿಲೀಟ್ ಅದರ ಬಳಿ ಸುಳಿಯುವುದೇ ಇಲ್ಲ. ಬ್ಯಾಕ್‌ಸ್ಪೇಸ್, ಎಂಟರ್, ಎಸ್ಕೇಪ್ ಬರುತ್ತವೆ. ಕಂಟ್ರೋಲ್+ವಿ ಕೂಡ 22ನೇ ನಿಯಂತ್ರಣ ಅಕ್ಷರವಾಗಿ ಬರುತ್ತದೆ, ಆದ್ದರಿಂದ ಶೋಧ ಬರೆಯುವಾಗ ನಿಯಂತ್ರಣ ಅಕ್ಷರಗಳನ್ನು ಬಿಡದಿದ್ದರೆ ಅಳಿಸುವುದೂ ಅಂಟಿಸುವುದೂ ಒಟ್ಟಿಗೆ ನಿಲ್ಲುತ್ತವೆ. ಮೌಸ್‌ನ ಬಲಗುಂಡಿಯಿಂದ ಅಂಟಿಸಿದ್ದಕ್ಕೆ ಕೀಪ್ರೆಸ್ ಬರುವ ಮಾತೇ ಇಲ್ಲ. ಬಾಗಿಲಿಗೆ ಕಾವಲು ಹಾಕಿ ಹಿತ್ತಿಲನ್ನು ತೆರೆದಿಟ್ಟ ಹಾಗೆ.

ಅಂಕಿಯ ವಿಷಯದಲ್ಲಿ ಕನ್ನಡಿಗರಿಗೆಂದೇ ಇರುವ ಒಂದು ತಮಾಷೆ ಇದೆ. ಈಸ್‌ಡಿಜಿಟ್ ಕನ್ನಡದ ೧, ೨, ೩ನ್ನೂ ಅಂಕಿ ಎಂದೇ ಒಪ್ಪಿ ಒಳಗೆ ಬಿಡುತ್ತದೆ. ಆಮೇಲೆ '೧೨' ಎಂಬುದನ್ನು ಸಂಖ್ಯೆಯಾಗಿಸಲು ಹೋದರೆ ಡಾಟ್‌ನೆಟ್ ತಪ್ಪು ನಮೂನೆ ಎಂದು ಎಸೆಯುತ್ತದೆ. ಜಾವಾದ ಪಾರ್ಸ್‌ಇಂಟ್ ಅದೇ '೧೨' ಕೊಟ್ಟರೆ ಸುಮ್ಮನೆ 12 ಎನ್ನುತ್ತದೆ. ದರದ ಪೆಟ್ಟಿಗೆಯಲ್ಲಿ ಈಗ ನಾನು 0ರಿಂದ 9ರವರೆಗೆ ನೇರವಾಗಿ ಹೋಲಿಸುತ್ತೇನೆ.

ಹೆಸರಿನ ಪೆಟ್ಟಿಗೆಗೆ ಮೊದಮೊದಲು ಗುರುತುಗಳ ವರ್ಗವನ್ನೂ ಸೇರಿಸಿ ತೇಪೆ ಹಾಕಿದೆ. ರಾಮಣ್ಣ ಸರಿಯಾದ. ಮರುದಿನವೇ 'ರಾಜ್‌ಕುಮಾರ್' ಬಂದು 'ರಾಜ್ಕುಮಾರ್' ಆಗಿ ಕುಳಿತರು, ಏಕೆಂದರೆ ಜ ಮತ್ತು ಕ ಬೆಸೆಯದಂತೆ ತಡೆಯುವ ಝಡ್‌ಡಬ್ಲ್ಯೂಎನ್‌ಜೆ ಎಂಬ ಅದೃಶ್ಯ ಅಕ್ಷರ ಇನ್ನೊಂದೇ ವರ್ಗದ್ದು. ಆಗ ಶೋಧವನ್ನೇ ಕಿತ್ತೆಸೆದೆ. ಹೆಸರನ್ನು ಒತ್ತೊತ್ತಿಗೂ ತಡೆಯುವ ಬದಲು ಪೆಟ್ಟಿಗೆ ಬಿಟ್ಟು ಹೊರಡುವಾಗ ವ್ಯಾಲಿಡೇಟಿಂಗ್ ಈವೆಂಟ್‌ನಲ್ಲಿ ಒಮ್ಮೆ ನೋಡಿದರೆ ಸಾಕು. ಅಂಟಿಸಿದ್ದೂ ಅಲ್ಲಿ ಸಿಕ್ಕಿಬೀಳುತ್ತದೆ.

ಟೈಪಿಂಗ್ ತಂತ್ರಾಂಶಗಳ ಬಗ್ಗೆ ಒಂದು ಮಾತು. ಹಿನ್ನೆಲೆಯಲ್ಲಿ ಕುಳಿತು ಇಂಗ್ಲಿಷ್ ಕೀಲಿಗೆ ಕನ್ನಡ ಅಕ್ಷರ ಕೊಡುವ ತಂತ್ರಾಂಶವು, ಕೀಲಿ ಒತ್ತಿದಂತೆ ನಟಿಸುವ ಸೆಂಡ್‌ಇನ್‌ಪುಟ್ ಮೂಲಕ ಯುನಿಕೋಡ್ ಕಳುಹಿಸಿದರೆ ಕೀಡೌನ್‌ನಲ್ಲಿ 231 ಎಂಬ ಒಂದೇ ಸಂಖ್ಯೆ ಕಾಣುತ್ತದೆ, ಅಕ್ಷರ ಯಾವುದೇ ಇರಲಿ. ಐಎಂಇ (ಒತ್ತಿದ ಕೀಲಿಗಳಿಂದ ಅಕ್ಷರ ಕಟ್ಟಿಕೊಡುವ ವ್ಯವಸ್ಥೆ) ಮಾದರಿಯವು ಕೀಲಿಯನ್ನು ತಾವೇ ನುಂಗಿ 229ನ್ನು ಮುಂದಿಡುತ್ತವೆ. ಎರಡರಲ್ಲೂ ಪಾಠ ಒಂದೇ: ಅಕ್ಷರ ಏನೆಂದು ಕೀಡೌನ್‌ನಿಂದ ಊಹಿಸಲು ಹೋಗಬೇಡಿ.

ಏಕಸಾಲಿನ ಪೆಟ್ಟಿಗೆಯಲ್ಲಿ ಎಂಟರ್ ಹಿಡಿದಾಗ 'ಡಿಂಗ್' ಎಂದು ಸದ್ದಾಗುತ್ತದೆಯಲ್ಲ, ಅದು ಕೀಡೌನ್ ಆದ ಮೇಲೂ ಹಿಂದೆಯೇ ಬರುವ ಕೀಪ್ರೆಸ್‌ನ ಸದ್ದು. ಕೀಡೌನ್‌ನಲ್ಲಿ ಸಪ್ರೆಸ್‌ಕೀಪ್ರೆಸ್ ಅನ್ನು ನಿಜ ಮಾಡಿದರೆ ನಿಲ್ಲುತ್ತದೆ.

ಕೀಅಪ್: ಬೇಡ

ಕೀಲಿ ಬಿಟ್ಟಾಗ ಬರುವ ಕೀಅಪ್‌ನಲ್ಲಿ ಎಂಟರ್ ಹಿಡಿಯುವ ಚಾಳಿ ಹಲವರಿಗಿದೆ. ಸದ್ದಾಗುವುದಿಲ್ಲ ಎಂಬ ಆಸೆಗೆ. ಸರಕಿನ ಕೋಡ್ ತಪ್ಪಿದ್ದರೆ 'ಇಂತಹ ಸರಕು ಇಲ್ಲ' ಎಂದು ಸಂದೇಶ ಬರುತ್ತದೆ. ಗುಮಾಸ್ತ ಎಂಟರ್ ಒತ್ತಿ ಅದನ್ನು ಮುಚ್ಚುತ್ತಾನೆ. ಸಂದೇಶ ಮುಚ್ಚುವುದು ಕೀಲಿ ಕೆಳಗಿಳಿದಾಗ. ಬೆರಳು ಎತ್ತುವ ಹೊತ್ತಿಗೆ ಫೋಕಸ್, ಅಂದರೆ ಒತ್ತಿದ ಕೀಲಿಗಳು ಹೋಗಿ ಸೇರುವ ಜಾಗ, ಮತ್ತೆ ಕೋಡ್ ಪೆಟ್ಟಿಗೆಗೆ ಬಂದಿರುತ್ತದೆ, ಆ ಕೀಅಪ್ ಅಲ್ಲಿಗೇ ಬೀಳುತ್ತದೆ, ಮತ್ತೆ ಅದೇ ಸಂದೇಶ. ಎಂಟರ್ ಒತ್ತಿದಷ್ಟೂ ಮುಗಿಯದು. ಎರಡು ಕೀಲಿ ಎಷ್ಟು ಹೊತ್ತು ಒತ್ತಿದ್ದವು ಎಂದು ಅಳೆಯುವ ಆಟಗಳಿಗೆ ಕೀಅಪ್ ಬೇಕು, ಬಿಲ್ ಬರೆಯುವವರಿಗೆ ಬೇಡ.

ಇಡೀ ಕಿಟಕಿಗೆ ಕೇಳಿಸಬೇಕಾದಾಗ

ಟ್ಯಾಲಿ ಬಳಸಿ ಪಳಗಿದ ಬೆರಳಿಗೆ ಎಫ್8 ಎಂದರೆ ಮಾರಾಟ, ಎಫ್9 ಎಂದರೆ ಖರೀದಿ. ಕರ್ಸರ್ ಎಲ್ಲಿಯೇ ಇರಲಿ, ಎಫ್8 ಒತ್ತಿದರೆ ಹೊಸ ಮಾರಾಟ ಬಿಲ್ ತೆರೆಯಬೇಕು ಎಂದು ಅವರ ನಿರೀಕ್ಷೆ. ಇದನ್ನು ಮಾಡಲು ನಾಲ್ಕು ದಾರಿಗಳಿವೆ.

ಅತಿ ಸುಲಭದ್ದು ಮೆನು. ಮೆನುವಿನ ಸಾಲಿಗೆ ಶಾರ್ಟ್‌ಕಟ್‌ಕೀಸ್ ಕೊಟ್ಟರೆ ಮುಗಿಯಿತು, ಕೀಲಿ ಯಾವುದು ಎಂಬುದು ಮೆನುವಿನಲ್ಲಿ ಕಾಣುತ್ತದೆ ಕೂಡ. ಉಳಿಸು, ರದ್ದುಮಾಡು ಇಷ್ಟೇ ಇರುವ ಚಿಕ್ಕ ಸಂವಾದಗಳಿಗೆ ಆಕ್ಸೆಪ್ಟ್‌ಬಟನ್, ಕ್ಯಾನ್ಸಲ್‌ಬಟನ್ ಎಂಬ ಎರಡು ಗುಣಗಳನ್ನು ಹೊಂದಿಸಿದರೆ ಎಂಟರ್ ಮತ್ತು ಎಸ್ಕೇಪ್ ತಾವಾಗಿಯೇ ಕೆಲಸ ಮಾಡುತ್ತವೆ. ಒಂದು ಸಾಲು ಕೋಡ್ ಬೇಡ. ಇಷ್ಟಿದ್ದೂ ಜನ ಕೀಡೌನ್‌ನಲ್ಲಿ 27, 13 ಎಂದು ಹೋಲಿಸುತ್ತಾ ಕೂರುವುದೇಕೋ ತಿಳಿಯದು.

ಮೂರನೆಯದು ಕೀಪ್ರಿವ್ಯೂ. ಫಾರ್ಮಿನ (ವಿನ್‌ಫಾರ್ಮ್ಸ್‌ನಲ್ಲಿ ಕಿಟಕಿಗಿರುವ ಹೆಸರು) ಈ ಗುಣವನ್ನು ನಿಜ ಮಾಡಿದರೆ ಒಳಗಿನ ಪೆಟ್ಟಿಗೆಗಿಂತ ಮೊದಲು ಫಾರ್ಮಿನ ಕೀಡೌನ್‌ಗೆ ಕೀಲಿ ಸಿಗುತ್ತದೆ. ಎಲ್ಲ ಪಾಠಗಳಲ್ಲೂ ಇದನ್ನೇ ಮೊದಲು ಹೇಳಿಕೊಡುತ್ತಾರೆ. ಎಫ್8ಕ್ಕೆ ಚೆನ್ನಾಗಿಯೇ ನಡೆಯುತ್ತದೆ. ಬಾಣದ ಕೀಲಿಗೆ ಪ್ರಯತ್ನಿಸಿ: ಪೆಟ್ಟಿಗೆಯಲ್ಲಿ ಫೋಕಸ್ ಇದ್ದಾಗ ಬರುತ್ತದೆ, ಬಟನ್ ಮೇಲೆ ಇದ್ದಾಗ ಬರುವುದಿಲ್ಲ. ಬಾಣ, ಟ್ಯಾಬ್‌ಗಳನ್ನು ವಿನ್‌ಫಾರ್ಮ್ಸ್ ಫೋಕಸ್ ಸಾಗಿಸುವ ಕೀಲಿಗಳೆಂದು ಮೊದಲೇ ಎತ್ತಿಕೊಂಡಿರುತ್ತದೆ. ಕೀಡೌನ್ ಹುಟ್ಟುವುದೇ ಇಲ್ಲ. ಒಮ್ಮೆ ಬಂದು ಇನ್ನೊಮ್ಮೆ ಬಾರದ ದೋಷಕ್ಕಿಂತ ಯಾವತ್ತೂ ಬಾರದ ದೋಷ ವಾಸಿ, ಹುಡುಕಲಾದರೂ ಆಗುತ್ತದೆ. ಕೀಪ್ರಿವ್ಯೂ ನನ್ನ ಮಟ್ಟಿಗೆ ಒಂದು ಬಲೆ.

ನಾಲ್ಕನೆಯದು ಪ್ರೊಸೆಸ್‌ಸಿಎಂಡಿಕೀ. ಇದು ಈವೆಂಟ್ ಅಲ್ಲ, ಫಾರ್ಮಿನಲ್ಲಿ ಮೇಲ್ಬರಹ (ಓವರ್‌ರೈಡ್) ಮಾಡಬೇಕಾದ ವಿಧಾನ. ಕೀಲಿಯ ಸಂದೇಶ ಬಂದ ಕೂಡಲೇ, ಫೋಕಸ್ ಸಾಗಿಸುವ ಲೆಕ್ಕಾಚಾರಕ್ಕಿಂತಲೂ ಮುಂಚೆ, ಫೋಕಸ್ ಇರುವ ಪೆಟ್ಟಿಗೆಯಿಂದ ಹೊರಟು ತಂದೆ, ತಂದೆಯ ತಂದೆ ಎಂದು ಫಾರ್ಮಿನವರೆಗೆ ಈ ಪ್ರಶ್ನೆ ಏರುತ್ತದೆ: 'ಇದು ನಿನ್ನದೇ?' ನಮ್ಮದಾದರೆ ನಿಜ ಎಂದು ಹಿಂದಿರುಗಿಸುತ್ತೇವೆ, ಕೀಲಿ ಅಲ್ಲಿಗೆ ಮುಗಿಯುತ್ತದೆ. ಬಾಣ, ಟ್ಯಾಬ್, ಎಂಟರ್ ಎಲ್ಲವೂ ಸಿಗುತ್ತವೆ. ಸಾಲು, ಚೌಕಗಳ ಪಟ್ಟಿಯಾದ ಡೇಟಾಗ್ರಿಡ್‌ವ್ಯೂ ಇಟ್ಟವರಿಗಂತೂ ಇದು ವರ. ಚೌಕವೊಂದನ್ನು ತಿದ್ದುತ್ತಿರುವಾಗ ಫೋಕಸ್ ಇರುವುದು ಗ್ರಿಡ್‌ನಲ್ಲಲ್ಲ, ಅದರೊಳಗೆ ಎದ್ದುಬಂದ ಪುಟ್ಟ ಪೆಟ್ಟಿಗೆಯಲ್ಲಿ. ಹಾಗಾಗಿ ಗ್ರಿಡ್‌ನ ಕೀಡೌನ್ ಮೌನವಾಗಿರುತ್ತದೆ. 'ಎಂಟರ್ ಒತ್ತಿದರೆ ಕೆಳಗಿನ ಸಾಲಿಗೆ ಹೋಗದೆ ಪಕ್ಕದ ಚೌಕಕ್ಕೆ ಹೋಗಬೇಕು' ಎಂಬ ಎಲ್ಲ ಅಂಗಡಿಯವರ ಬೇಡಿಕೆಗೆ ಉತ್ತರ ಇಲ್ಲಿದೆ.

ಎರಡು ಎಚ್ಚರಿಕೆ ಬೇಕು. ನಮ್ಮದಲ್ಲದ ಕೀಲಿಯನ್ನು ಮೂಲ ವಿಧಾನಕ್ಕೆ ಒಪ್ಪಿಸಲು ಮರೆತರೆ ಮೆನುವಿನ ಶಾರ್ಟ್‌ಕಟ್‌ಗಳೆಲ್ಲ ಸತ್ತುಹೋಗುತ್ತವೆ, ಏಕೆಂದರೆ ಅವೂ ಇದೇ ದಾರಿಯಲ್ಲಿ ಬರುತ್ತವೆ. ಇದರ ಹೊಟ್ಟೆಬಾಕತನವೂ ನೆನಪಿರಲಿ: ಡಿಲೀಟ್ ಒತ್ತಿದರೆ ಬಿಲ್ಲಿನ ಸಾಲು ಅಳಿಸು ಎಂದು ಫಾರ್ಮಿನಲ್ಲಿ ಬರೆದರೆ, ವಿಳಾಸದ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಅಳಿಸಲು ಹೋದವನ ಸಾಲೂ ಹಾರಿಹೋಗುತ್ತದೆ. ಅಂತಹದ್ದನ್ನು ಗ್ರಿಡ್ ಇರುವ ಯೂಸರ್‌ಕಂಟ್ರೋಲ್ ಎಂಬ ಉಪಭಾಗದ ಒಳಗೇ ಬರೆಯಿರಿ. ಫೋಕಸ್ ಅದರೊಳಗಿದ್ದಾಗ ಮಾತ್ರ ಅದು ಕೇಳಿಸಿಕೊಳ್ಳುತ್ತದೆ.

ಇನ್ನು ಒತ್ತಿ ಹಿಡಿಯುವವರ ಕಾಟ. ವಿಂಡೋಸ್‌ನಲ್ಲಿ ಕೀಲಿ ಹಿಡಿದೇ ಇದ್ದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಕಾದು, ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 30 ಬಾರಿ ಅದೇ ಕೀಲಿ ಮರುಕಳಿಸುತ್ತದೆ. ಎಫ್8ರ ಮೇಲೆ ಬೆರಳಿಟ್ಟುಕೊಂಡೇ ಗಿರಾಕಿಯ ಜೊತೆ ಮಾತಿಗಿಳಿದ ಗುಮಾಸ್ತ ತಿರುಗಿ ನೋಡುವಾಗ ಪರದೆಯ ತುಂಬ ಖಾಲಿ ಬಿಲ್ಲುಗಳು. ಡಬ್ಲ್ಯೂಪಿಎಫ್‌ನಲ್ಲಿ ಈಸ್‌ರಿಪೀಟ್ ಎಂದು ಕೇಳಬಹುದು. ವಿನ್‌ಫಾರ್ಮ್ಸ್‌ನ ಕೀಡೌನ್ ಅದನ್ನು ಹೇಳುವುದಿಲ್ಲ. ಪ್ರೊಸೆಸ್‌ಸಿಎಂಡಿಕೀಗೆ ಮೂಲ ಸಂದೇಶವೇ ಕೈಗೆ ಬರುವುದರಿಂದ ಅದರ ಜೊತೆ ಬರುವ ಎಲ್‌ಪ್ಯಾರಮ್ ಎಂಬ ಸಂಖ್ಯೆಯ 30ನೇ ಬಿಟ್ ನೋಡಬಹುದು. ಅದು 1 ಆಗಿದ್ದರೆ ಕೀಲಿ ಮೊದಲೇ ಒತ್ತಿದ ಸ್ಥಿತಿಯಲ್ಲಿತ್ತು ಎಂದರ್ಥ. ಈ ದಾರಿಯನ್ನು ನಾನು ಮೆಚ್ಚಲು ಇದೂ ಒಂದು ಕಾರಣ.

ಡಬ್ಲ್ಯೂಪಿಎಫ್, ಸ್ವಿಂಗ್

ಡಬ್ಲ್ಯೂಪಿಎಫ್‌ನಲ್ಲಿ ಇದೇ ಆಯ್ಕೆಗಳು ಬೇರೆ ಹೆಸರಿನಲ್ಲಿವೆ. ಪ್ರಿವ್ಯೂಕೀಡೌನ್ ಕಿಟಕಿಯಿಂದ ಪೆಟ್ಟಿಗೆಯತ್ತ ಇಳಿಯುತ್ತದೆ, ಕೀಡೌನ್ ಪೆಟ್ಟಿಗೆಯಿಂದ ಮೇಲಕ್ಕೇರುತ್ತದೆ. ಶಾರ್ಟ್‌ಕಟ್‌ಗೆ ಇನ್‌ಪುಟ್‌ಬೈಂಡಿಂಗ್ಸ್ ಹಿಡಿಯಿರಿ, ಉಳಿದದ್ದು ಆಮೇಲೆ. ಅಕ್ಷರಕ್ಕೆ ಪ್ರಿವ್ಯೂಟೆಕ್ಸ್ಟ್‌ಇನ್‌ಪುಟ್ ಇದೆ, ಆದರೆ ಟೆಕ್ಸ್ಟ್‌ಬಾಕ್ಸ್‌ನಲ್ಲಿ ಸ್ಪೇಸ್ ಒತ್ತಿದರೆ ಅದು ಬರುವುದಿಲ್ಲ. ಅಂಕಿಯ ಪೆಟ್ಟಿಗೆಗೆ ಖಾಲಿ ಜಾಗ ನುಸುಳುವುದು ಅಲ್ಲಿಂದ. ಎಫ್10 ಮೆನುವಿನ ಕೀಲಿಯಾದ್ದರಿಂದ ಕೀ ಎಂಬಲ್ಲಿ 'ಸಿಸ್ಟಮ್' ಎಂದಷ್ಟೇ ಕಾಣುತ್ತದೆ; ನಿಜವಾದ ಹೆಸರು ಸಿಸ್ಟಮ್‌ಕೀಯಲ್ಲಿರುತ್ತದೆ.

ಸ್ವಿಂಗ್‌ನಲ್ಲಿ ಹೊಸಬರೆಲ್ಲ ಕೀ ಲಿಸನರ್‌ನಿಂದ ಆರಂಭಿಸಿ 'ಕೀಲಿಯೇ ಕೇಳಿಸುತ್ತಿಲ್ಲ' ಎಂದು ತಲೆಕೆಡಿಸಿಕೊಳ್ಳುತ್ತಾರೆ. ಅದಕ್ಕೆ ಫೋಕಸ್ ಬೇಕು, ಇತರ ಭಾಗಗಳನ್ನು ಹೊತ್ತುಕೊಳ್ಳುವ ಜೆಪ್ಯಾನೆಲ್ ತಾನಾಗಿ ಫೋಕಸ್ ಕೇಳುವುದಿಲ್ಲ. ಕೀ ಬೈಂಡಿಂಗ್ಸ್ ಬಳಸಿ: ಇನ್‌ಪುಟ್‌ಮ್ಯಾಪ್‌ನಲ್ಲಿ ಕೀಲಿಗೊಂದು ಹೆಸರು, ಆಕ್ಷನ್‌ಮ್ಯಾಪ್‌ನಲ್ಲಿ ಆ ಹೆಸರಿಗೊಂದು ಕೆಲಸ. ಫೋಕಸ್ ಇದ್ದಾಗ ಮಾತ್ರವೋ, ಒಳಗಿನ ಯಾವುದಕ್ಕಾದರೂ ಇದ್ದಾಗಲೋ, ಕಿಟಕಿಯಲ್ಲಿ ಎಲ್ಲಿದ್ದರೂ ಸರಿಯೋ ಎಂದು ಮೂರು ಮಟ್ಟ ಆರಿಸಬಹುದು. ನನ್ನ ಎರಡನೆಯ ಪ್ರಶ್ನೆಗೆ ಇಷ್ಟು ನೇರವಾಗಿ ಜಾಗ ಕೊಟ್ಟದ್ದು ಸ್ವಿಂಗ್ ಒಂದೇ. ಒಂದು ಮುಳ್ಳಿದೆ: ಸ್ವಿಂಗ್‌ನ ಪಟ್ಟಿಯಾದ ಜೆಟೇಬಲ್ ಎಫ್2 ಮತ್ತು ಎಫ್8ನ್ನು ಮೊದಲೇ ತನ್ನದಾಗಿಸಿಕೊಂಡಿರುತ್ತದೆ, ಎಫ್8 ಶಿರೋಸಾಲಿಗೆ ಹೋಗಲು. ಕಿಟಕಿಯ ಮಟ್ಟದಲ್ಲಿ ಕಟ್ಟಿದ ಎಫ್8 ಪಟ್ಟಿಯ ಮೇಲೆ ನಿಂತಾಗ ಮಾತ್ರ ಸುಮ್ಮನಾಗುವುದು ಅದಕ್ಕೇ. ಪಟ್ಟಿಯ ಇನ್‌ಪುಟ್‌ಮ್ಯಾಪ್‌ನಲ್ಲಿ ಆ ಕೀಲಿಗೆ 'none' (ಏನೂ ಇಲ್ಲ) ಎಂದು ಇಟ್ಟರೆ ಬಿಟ್ಟುಕೊಡುತ್ತದೆ.

ಇಡೀ ಕಂಪ್ಯೂಟರಿಗೆ

ನಮ್ಮ ಕಿಟಕಿ ಹಿಂದೆ ಸರಿದಿದ್ದಾಗಲೂ ಕೀಲಿ ಕೇಳಿಸಬೇಕಾದರೆ ರಿಜಿಸ್ಟರ್‌ಹಾಟ್‌ಕೀ ಸಾಕು. ಬೇಕಾದ ಒಂದು ಜೋಡಿಯನ್ನು ವಿಂಡೋಸ್‌ಗೆ ಹೇಳಿಟ್ಟರೆ ಒತ್ತಿದಾಗ ಸಂದೇಶ ಬರುತ್ತದೆ. ಬೇರೆಯವರು ಮೊದಲೇ ಹಿಡಿದಿದ್ದರೆ ಆಗುವುದಿಲ್ಲ ಎಂದು ಮುಖಕ್ಕೇ ಹೇಳುತ್ತದೆ. ವಿಂಡೋಸ್ 7ರಿಂದ ಮರುಕಳಿಕೆ ಬೇಡವೆಂದೂ ತಿಳಿಸಬಹುದು. ಎಫ್12 ದೋಷ ಹುಡುಕುವ ಡಿಬಗರ್‌ಗೆ ಮೀಸಲು, ಅದನ್ನು ಬಿಡಿ. ಕಂಟ್ರೋಲ್+ಆಲ್ಟ್ ಜೋಡಿಗಳನ್ನೂ ಬಿಡಿ. ಇಂಗ್ಲಿಷ್ (ಇಂಡಿಯಾ) ವಿನ್ಯಾಸದಲ್ಲಿ ಕಂಟ್ರೋಲ್+ಆಲ್ಟ್+4 ಎಂದರೆ ₹. ಅದನ್ನು ಹಾಟ್‌ಕೀ ಮಾಡಿದರೆ ಆ ಕಂಪ್ಯೂಟರಿನಲ್ಲಿ ಯಾರೂ ಆ ಕೀಲಿಯಿಂದ ರೂಪಾಯಿ ಚಿಹ್ನೆ ಬರೆಯಲಾರರು.

ಕೆಳಮಟ್ಟದ ಹುಕ್ ಇನ್ನೊಂದು ಜಾತಿಯದ್ದು. ಕಂಪ್ಯೂಟರಿನಲ್ಲಿ ಒತ್ತಿದ ಪ್ರತಿ ಕೀಲಿಯೂ, ಗುಪ್ತಪದವೂ ಸೇರಿ, ನಮ್ಮ ಕೋಡಿನ ಮೂಲಕ ಹಾದುಹೋಗುತ್ತದೆ. ಅಂಗಡಿಯ ಬಿಲ್ಲಿಗೆ ಅಷ್ಟು ಅಧಿಕಾರ ಏಕೆ? ಆಂಟಿವೈರಸ್ ಅನುಮಾನ ಪಟ್ಟರೆ ಅದರ ತಪ್ಪಲ್ಲ. ನಮ್ಮ ಕೋಡ್ ತಡಮಾಡಿದರೆ ಎಲ್ಲರ ಟೈಪಿಂಗೂ ತೊದಲುತ್ತದೆ, ವಿಂಡೋಸ್ 7ರ ಬಳಿಕ ಸಮಯ ಮೀರಿದ ಹುಕ್‌ ಅನ್ನು ಸದ್ದಿಲ್ಲದೆ ಕಿತ್ತುಹಾಕಲೂಬಹುದು. ಡಾಟ್‌ನೆಟ್‌ನಲ್ಲಿ ಹುಕ್‌ಗೆ ಕೊಟ್ಟ ಡೆಲಿಗೇಟನ್ನು (ಕರೆಯಬೇಕಾದ ವಿಧಾನದ ಗುರುತು) ಒಂದು ಚರದಲ್ಲಿ ಹಿಡಿದಿಟ್ಟುಕೊಳ್ಳದಿದ್ದರೆ ಬಳಕೆಯಿಲ್ಲದ್ದನ್ನು ಮೆಮೊರಿಯಿಂದ ತೆಗೆಯುವ ಗಾರ್ಬೇಜ್ ಕಲೆಕ್ಟರ್ ಅದನ್ನು ಗುಡಿಸಿ, ಕೆಲ ನಿಮಿಷ ಚೆನ್ನಾಗಿ ಓಡಿದ ತಂತ್ರಾಂಶ ಕುಸಿದುಬೀಳುತ್ತದೆ.

ಹುಕ್‌ನ ಆಸೆ ನನಗೆ ಹುಟ್ಟಿದ್ದು ಬಾರ್‌ಕೋಡ್ ಸ್ಕ್ಯಾನರ್‌ನಿಂದ. ಯುಎಸ್‌ಬಿ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ತಮ್ಮನ್ನು ಕೀಲಿಮಣೆ ಎಂದೇ ಪರಿಚಯಿಸಿಕೊಳ್ಳುತ್ತವೆ. 890ರಿಂದ ಆರಂಭವಾಗುವ 13 ಅಂಕಿಗಳನ್ನು ಓದಿ, ಯಾರೋ ಅತಿ ವೇಗದಲ್ಲಿ ಟೈಪ್ ಮಾಡಿದ ಹಾಗೆ ಉದುರಿಸಿ, ಕೊನೆಗೆ ಎಂಟರ್ ಒತ್ತುತ್ತವೆ. ಫೋಕಸ್ ವಿಳಾಸದ ಪೆಟ್ಟಿಗೆಯಲ್ಲಿದ್ದರೆ ಅಲ್ಲಿಗೇ ಉದುರುತ್ತವೆ. 'ಬಿಲ್ ರದ್ದುಮಾಡಲೇ?' ಎಂಬ ಸಂದೇಶ ತೆರೆದಿದ್ದಾಗ ಸ್ಕ್ಯಾನ್ ಮಾಡಿದರೆ ಆ ಎಂಟರ್ 'ಹೌದು' ಎಂದುಬಿಡುತ್ತದೆ. ಕನ್ನಡ ವಿನ್ಯಾಸ ಆನ್ ಇದ್ದಾಗ ಇಂಗ್ಲಿಷ್ ಅಕ್ಷರಗಳಿರುವ ಕೋಡ್ ಓದಿಸಿದರೆ ನಟ್ಟು ಬೋಲ್ಟಿನ ಕೋಡಿನಲ್ಲಿ ಕನ್ನಡದ ಸ್ವರಗಳು ಕಾಣಿಸಿಕೊಳ್ಳುತ್ತವೆ.

ವಿಂಡೋಸ್‌ನ ರಾ ಇನ್‌ಪುಟ್ ಎಂಬ ಸೌಲಭ್ಯ ನೋಡಿದೆ. ಕೀಲಿ ಯಾವ ಸಾಧನದಿಂದ ಬಂತು ಎಂದು ಅದು ಹೇಳುತ್ತದೆ. ಸ್ಕ್ಯಾನರ್ ಯಾವುದು, ಬೆರಳು ಯಾವುದು ಎಂದು ಬೇರ್ಪಡಿಸಬಹುದು. ಆದರೆ ಅದು ನೋಡಬಲ್ಲದು, ತಡೆಯಲಾರದು. ಅದೇ ಕೀಲಿ ಪೆಟ್ಟಿಗೆಗೂ ಹೋಗಿಯೇ ಹೋಗುತ್ತದೆ. ಹುಕ್ ತಡೆಯಬಲ್ಲದು, ಆದರೆ ಯಾವ ಸಾಧನ ಎಂದು ಹೇಳಲಾರದು. ಎರಡನ್ನೂ ಗಂಟುಹಾಕಲು ಒಂದು ಭಾನುವಾರವಿಡೀ ಕಳೆದೆ. ಸಂಜೆ ಸ್ಕ್ಯಾನರ್ ಪೆಟ್ಟಿಗೆಯಲ್ಲಿ ಬಿದ್ದಿದ್ದ ಕೈಪಿಡಿ ತೆಗೆದರೆ, ಅದರಲ್ಲಿದ್ದ ಒಂದು ಬಾರ್‌ಕೋಡ್ ಓದಿಸಿದರೆ ಸಾಧನ ಕೀಲಿಮಣೆಯ ವೇಷ ಕಳಚಿ ಸೀರಿಯಲ್ ಪೋರ್ಟ್ ಆಗುತ್ತದೆ ಎಂದು ಬರೆದಿತ್ತು. ಓದಿಸಿದೆ. ಈಗ ಫೋಕಸ್ ಎಲ್ಲಿದ್ದರೂ, ಭಾಷೆ ಯಾವುದಿದ್ದರೂ ಕೋಡ್ ನೇರವಾಗಿ ನನ್ನ ಪೋರ್ಟ್‌ಗೆ ಬರುತ್ತದೆ.

ಮಾಲೀಕರ ಫೋನ್ ಮತ್ತೆ ಬಂತು. ಅವರ ಮಗಳು ದಾಸ್ತಾನು ಲೆಕ್ಕವನ್ನು ಎಕ್ಸೆಲ್‌ನಲ್ಲಿ ಸ್ಕ್ಯಾನ್ ಮಾಡಿ ಬರೆಯುತ್ತಿದ್ದಳಂತೆ, ಈಗ ಎಕ್ಸೆಲ್‌ನಲ್ಲಿ ಏನೂ ಬೀಳುತ್ತಿಲ್ಲ. ಕೈಪಿಡಿಯ ಆ ಪುಟವನ್ನೂ ಅದರ ಪಕ್ಕದ ಪುಟವನ್ನೂ ಜೆರಾಕ್ಸ್ ಮಾಡಿಸಿ, ಮೇಲೆ 'ಬಿಲ್', 'ಎಕ್ಸೆಲ್' ಎಂದು ಬರೆದು ಗಲ್ಲಾದ ಪಕ್ಕದ ಗೋಡೆಗೆ ಅಂಟಿಸಿ ಬಂದೆ.